ತಂಡ ಕಾಯುವವನ ತಲೆ ಕಾಯುವವರಾರು?

ಹಾಕಿ ಎಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ಕೊಡಗಿನ ಮೈದಾನ, ಹನ್ನೊಂದು ಮಂದಿಯ ತಂಡ, ಬಾಗಿದ ಕೋಲು ಮತ್ತು ಗಟ್ಟಿ ಚೆಂಡು. ಆದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗಿಬಂದ ಹಿರಿಯರು ಬೇರೊಂದು ಹಾಕಿಯನ್ನು ನೋಡಿರುತ್ತಾರೆ. ಅದು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಗೋಲ್‌ಕೀಪರ್ ಸೇರಿ ಒಂದೊಂದು ತಂಡದಿಂದ ಆರು ಮಂದಿ ಅಂಕಣದಲ್ಲಿರುತ್ತಾರೆ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟು, ತಲೆಗೆ ಹೆಲ್ಮೆಟ್, ಕೈಗೆ ದಪ್ಪನೆಯ ಗ್ಲೌಸು. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ.

ಆಟ ರಭಸದಿಂದ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಎರಡು ತಂಡಗಳ ಒಬ್ಬೊಬ್ಬ ಆಟಗಾರರು ಕೋಲನ್ನೂ ಗ್ಲೌಸನ್ನೂ ಕೆಳಗೆ ಬಿಸಾಡಿ, ಅಂಗಿ ಹಿಡಿದುಕೊಂಡು ಬರಿಗೈಯಲ್ಲಿ ಮುಖಕ್ಕೆ ಗುದ್ದತೊಡಗುತ್ತಾರೆ. ಜನ ಎದ್ದು ನಿಂತು ಕೇಕೆ ಹಾಕುತ್ತಾರೆ. ರೆಫರಿಗಳು ಸುತ್ತ ನಿಂತು ನೋಡುತ್ತಾರೆಯೇ ಹೊರತು ಕೂಡಲೇ ಬಿಡಿಸುವುದಿಲ್ಲ. ಒಬ್ಬ ಕೆಳಗೆ ಬಿದ್ದ ಮೇಲೆ ಇಬ್ಬರನ್ನೂ ಐದು ನಿಮಿಷ ಶಿಕ್ಷೆಯ ಕಟ್ಟೆಯಲ್ಲಿ ಕೂರಿಸಿ, ಮತ್ತೆ ಆಟಕ್ಕೆ ಬಿಡುತ್ತಾರೆ. ‘ಇದೇನು ಆಟವೋ, ಕುಸ್ತಿಯೋ? ಇವರನ್ನು ಹೊರಗೆ ಹಾಕುವುದಿಲ್ಲವೇಕೆ?’ ಎಂದು ನಮ್ಮವರು ಕೇಳುವುದು ಸಹಜ.

ಈ ಹೊಡೆದಾಟವು ಎಲ್ಲ ಸಲವೂ ಸಿಟ್ಟಿನ ಭರದಲ್ಲಿ ನಡೆಯುವುದಲ್ಲ. ಹಲವು ತಂಡಗಳಲ್ಲಿ ಇದಕ್ಕಾಗಿಯೇ ಒಬ್ಬ ಗಟ್ಟಿಗನನ್ನು ಇಟ್ಟುಕೊಳ್ಳುವ ಪದ್ಧತಿ ಬಹುಕಾಲದಿಂದ ಬಂದಿದೆ. ಆತನನ್ನು ಅಲ್ಲಿ ‘ಎನ್‌ಫೋರ್ಸರ್’ ಎನ್ನುತ್ತಾರೆ. ಆತನ ಕೆಲಸವೇನು, ಆ ಕೆಲಸ ಆತನ ದೇಹಕ್ಕೂ ಮಿದುಳಿಗೂ ಏನು ಮಾಡುತ್ತದೆ ಎಂಬುದನ್ನು ಈ ವಾರ ನೋಡೋಣ. ತಲೆಗೆ ಪೆಟ್ಟು ಬೀಳುವ ಯಾವುದೇ ಆಟವನ್ನು ಆಡುವ ಮಕ್ಕಳಿರುವ ಮನೆಯವರಿಗೂ ಇದರಲ್ಲಿ ತಿಳಿಯಬೇಕಾದ ವಿಷಯವಿದೆ.

ತಂಡದಲ್ಲಿ ಈತನ ಸ್ಥಾನ

ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ನಿಯಮಬದ್ಧ. ಆದ್ದರಿಂದ ಚುರುಕಾಗಿ ಗೋಲು ಹೊಡೆಯುವ ಆಟಗಾರನನ್ನು ಗೋಡೆಗೆ ಅಪ್ಪಳಿಸಿ ಹೆದರಿಸುವುದು ಎದುರಾಳಿಗಳ ತಂತ್ರವಾಗುತ್ತದೆ. ಅಂಥವರಿಗೆ ‘ನಮ್ಮ ಹುಡುಗನನ್ನು ಮುಟ್ಟಿದರೆ ನನಗೆ ಉತ್ತರ ಹೇಳಬೇಕಾಗುತ್ತದೆ’ ಎಂದು ತೋರಿಸಿಕೊಡುವುದೇ ಗಟ್ಟಿಗನ ಮೊದಲ ಕೆಲಸ. ಜಗದ್ವಿಖ್ಯಾತ ಆಟಗಾರ ವೇಯ್ನ್ ಗ್ರೆಟ್ಸ್ಕಿಯವರಿಗೆ ಎಡ್ಮಂಟನ್ ಆಯ್ಲರ್ಸ್ ತಂಡದಲ್ಲಿ ಡೇವ್ ಸೆಮೆಂಕೊ, ಅನಂತರ ಮಾರ್ಟಿ ಮೆಕ್‌ಸಾರ್ಲಿ ಹೀಗೆ ಬೆಂಗಾವಲಾಗಿದ್ದರು. 1988ರಲ್ಲಿ ಗ್ರೆಟ್ಸ್ಕಿ ಲಾಸ್ ಏಂಜಲೀಸ್ ಕಿಂಗ್ಸ್ ತಂಡಕ್ಕೆ ಹೋದಾಗ ಅದೇ ಒಪ್ಪಂದದಲ್ಲಿ ಮೆಕ್‌ಸಾರ್ಲಿಯೂ ಹೋದರು. ಈ ಕೆಲಸಕ್ಕೆ ಎಷ್ಟು ಬೆಲೆಯಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ಸೋಲುತ್ತಿರುವ ತಂಡಕ್ಕೆ ಹುರುಪು ತುಂಬುವುದು ಎರಡನೆಯ ಕೆಲಸ. ಜನರನ್ನು ಆಟಕ್ಕೆ ಸೆಳೆಯುವುದು ಮೂರನೆಯದು. ಇಷ್ಟೆಲ್ಲ ಮಾಡಿದರೂ ಒಂದು ಪಂದ್ಯದಲ್ಲಿ ಈತ ಆಡುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಬೆಂಚಿನ ಮೇಲೆ ಕುಳಿತು, ಇವತ್ತು ಯಾರೊಂದಿಗೆ ಹೊಡೆದಾಡಬೇಕಾದೀತು ಎಂದು ಯೋಚಿಸುತ್ತಿರುತ್ತಾನೆ. ಹಿಂದಿನ ರಾತ್ರಿ ನಿದ್ರೆ ಬಾರದಿರುವುದು, ಎದೆ ಬಡಿತ, ಹೊಟ್ಟೆ ತೊಳಸುವುದು ಮುಂತಾದ ಆತಂಕದ ಲಕ್ಷಣಗಳು ಇಂಥ ಸ್ಥಿತಿಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ನೋಡುವವರಿಗೆ ಆರಡಿ ಎತ್ತರದ ಆಳು ಕಾಣುತ್ತಾನೆ. ಒಳಗಿನ ಭಯ ಕಾಣುವುದಿಲ್ಲ.

ಕೆಳಗಿನ ಲೀಗ್‌ಗಳ ಬದುಕು

ಉತ್ತರ ಅಮೆರಿಕದಲ್ಲಿ ಈ ಆಟಕ್ಕೆ ಮೆಟ್ಟಿಲುಗಳಿವೆ. ಎಲ್ಲಕ್ಕೂ ಮೇಲಿನದು ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್.ಎಚ್.ಎಲ್. ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್. ಮೇಲಿನ ತಂಡಗಳು ತಮ್ಮ ಎಳೆಯ ಆಟಗಾರರನ್ನು ಪಳಗಲು ಕಳಿಸುವುದು ಇಲ್ಲಿಗೆ. ಅದಕ್ಕೂ ಕೆಳಗೆ ಇ.ಸಿ.ಎಚ್.ಎಲ್. ಮತ್ತು ಸಣ್ಣಪುಟ್ಟ ಊರುಗಳ ಬೇರೆ ಲೀಗ್‌ಗಳಿವೆ. ಇವನ್ನೆಲ್ಲ ಒಟ್ಟಾಗಿ ಮೈನರ್ ಲೀಗ್ ಎನ್ನುತ್ತಾರೆ.

ಮೈನರ್ ಲೀಗ್‌ನ ತಂಡಗಳಿಗೆ ಟಿಕೆಟ್ ಮಾರಾಟವೇ ಮುಖ್ಯ ಆದಾಯ. ಹೊಡೆದಾಟ ಇದ್ದರೆ ಜನ ಬರುತ್ತಾರೆಂಬ ಲೆಕ್ಕಾಚಾರ ಇಲ್ಲಿ ಹಳೆಯದು. 1977ರಲ್ಲಿ ಬಂದ ‘ಸ್ಲ್ಯಾಪ್ ಶಾಟ್’ ಎಂಬ ಪಾಲ್ ನ್ಯೂಮನ್ ಅಭಿನಯದ ಚಲನಚಿತ್ರದ ಕಥೆಯೇ ಇದು. ಕಾರ್ಖಾನೆ ಮುಚ್ಚಲಿರುವ ಊರೊಂದರ ಸೋಲುವ ತಂಡವು ಗುದ್ದಾಟದಿಂದ ಜನರನ್ನು ಸೆಳೆಯುತ್ತದೆ. ಪೆನ್ಸಿಲ್ವೇನಿಯಾದ ಉಕ್ಕಿನ ಊರಾದ ಜಾನ್ಸ್‌ಟೌನಿನ ನಿಜವಾದ ತಂಡವೊಂದು ಈ ಚಿತ್ರಕ್ಕೆ ಸ್ಫೂರ್ತಿ. ಚಿತ್ರ ನಗೆಯದಾದರೂ ಅದು ತೋರಿಸುವ ಬಡತನ, ಅಭದ್ರತೆ ನಗುವಂಥದ್ದಲ್ಲ.

ವೈದ್ಯನ ದೃಷ್ಟಿಯಿಂದ ಈ ಅಭದ್ರತೆಯೇ ಮುಖ್ಯ ವಿಷಯ. ಕೆಳಗಿನ ಲೀಗ್‌ಗಳಲ್ಲಿ ಸಂಬಳ ಕಡಿಮೆ. ಒಂದು ಊರಿನಿಂದ ಇನ್ನೊಂದು ಊರಿಗೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ಇವತ್ತು ಇರುವ ಕೆಲಸ ಮುಂದಿನ ವಾರ ಇಲ್ಲದೆ ಹೋಗಬಹುದು. ಸ್ಕೇಟಿಂಗಿನಲ್ಲಿ, ಗೋಲು ಹೊಡೆಯುವುದರಲ್ಲಿ ಅಷ್ಟೇನೂ ನುರಿತವನಲ್ಲದ ಹುಡುಗನಿಗೆ ಮೇಲಿನ ಮೆಟ್ಟಿಲಿಗೆ ಹೋಗಲು ಮುಷ್ಟಿಯೊಂದೇ ದಾರಿಯಾಗುತ್ತದೆ. ‘ತಲೆ ನೋಯುತ್ತಿದೆ, ಕಣ್ಣು ಮಂಜಾಗುತ್ತಿದೆ’ ಎಂದು ಹೇಳಿದರೆ ಆತನ ಜಾಗಕ್ಕೆ ಬರಲು ಇನ್ನೊಬ್ಬ ಕಾದು ನಿಂತಿರುತ್ತಾನೆ. ಹೀಗಾಗಿ ಆತ ಹೇಳುವುದಿಲ್ಲ. ರೋಗಿ ಲಕ್ಷಣಗಳನ್ನು ಮುಚ್ಚಿಟ್ಟರೆ ಎಷ್ಟೇ ಅನುಭವಿ ವೈದ್ಯನಾದರೂ ಏನು ಮಾಡಲು ಸಾಧ್ಯ?

ಕಣ್ಣಿಗೆ ಕಾಣುವ ಗಾಯಗಳು

ಮೊದಲು ಪೆಟ್ಟಾಗುವುದು ಹೊಡೆಯುವವನ ಕೈಗೇ. ಹೆಲ್ಮೆಟ್ಟಿಗೋ ದವಡೆಯ ಎಲುಬಿಗೋ ಗುದ್ದಿದಾಗ ಕಿರುಬೆರಳಿನ ಬುಡದ ಅಂಗೈ ಎಲುಬು ಮುರಿಯುವುದು ಸಾಮಾನ್ಯ. ಗೆಣ್ಣು ಎದುರಾಳಿಯ ಹಲ್ಲಿಗೆ ತಗುಲಿ ಆಗುವ ಗಾಯ ನೋಡಲು ಚಿಕ್ಕದಾದರೂ ಅಪಾಯಕಾರಿ. ಬಾಯಿಯ ರೋಗಾಣುಗಳು ನೇರವಾಗಿ ಕೀಲಿನೊಳಕ್ಕೆ ಸೇರಿ, ಒಂದೆರಡು ದಿನಗಳಲ್ಲಿ ಕೈ ಊದಿಕೊಂಡು ಕೀವಾಗಬಹುದು. ಶಾಲೆಯಲ್ಲಿ ಜಗಳವಾಡಿ ಬಂದ ಮಕ್ಕಳಲ್ಲಿಯೂ ಇಂಥ ಗಾಯಗಳನ್ನು ನೋಡುತ್ತೇವೆ. ಇದನ್ನು ಚೆನ್ನಾಗಿ ತೊಳೆದು, ಅರಿಶಿನವನ್ನಾಗಲಿ ಪುಡಿಯನ್ನಾಗಲಿ ತುಂಬದೆ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಆಂಟಿಬಯಾಟಿಕ್ ಮತ್ತು ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು.

ಮೂಗಿನ ಎಲುಬು ಮುರಿಯುವುದು, ಹುಬ್ಬು ಸೀಳುವುದು, ಹಲ್ಲು ಉದುರುವುದು ಈ ವೃತ್ತಿಯಲ್ಲಿ ನಿತ್ಯದ ಮಾತು. ಕಣ್ಣಿನ ಗೂಡಿನ ತಳದ ಎಲುಬು ಬಹಳ ತೆಳು. ಅದು ಒಡೆದರೆ ಒಂದು ವಸ್ತು ಎರಡಾಗಿ ಕಾಣಿಸಬಹುದು. ಈ ಗಾಯಗಳಲ್ಲಿ ಹೆಚ್ಚಿನವು ಸರಿಯಾದ ಚಿಕಿತ್ಸೆಯಿಂದ ಗುಣವಾಗುತ್ತವೆ. ಮಿದುಳಿನ ವಿಷಯ ಹಾಗಲ್ಲ.

ಮಿದುಳು ಕುಲುಕಿದಾಗ

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತೇವಲ್ಲವೇ? ಹೊರಗಿನ ಚಿಪ್ಪು ಗಟ್ಟಿಯಾಗಿದ್ದರೂ ಒಳಗಿನ ನೀರು ಕುಲುಕುತ್ತದೆ. ತಲೆಬುರುಡೆಯೊಳಗೆ ಮಿದುಳು ಇರುವುದೂ ಹೆಚ್ಚುಕಡಿಮೆ ಹೀಗೆಯೇ. ಸುಮಾರು 1.3 ರಿಂದ 1.4 ಕಿಲೋ ತೂಕದ ಈ ಮೃದುವಾದ ಅಂಗವು ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಬಿದ್ದ ಗುದ್ದಿನಿಂದ ತಲೆ ಗಿರಕ್ಕನೆ ತಿರುಗಿದಾಗ ಒಳಗಿನ ಮಿದುಳು ತಿರುಚಿಕೊಂಡು, ಕೂದಲಿಗಿಂತ ಸೂಕ್ಷ್ಮವಾದ ನರತಂತುಗಳು ಎಳೆದಂತಾಗುತ್ತವೆ. ನರಕೋಶಗಳ ಒಳಹೊರಗಿನ ಲವಣಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಈ ಸ್ಥಿತಿಗೆ ಕನ್ಕಷನ್ ಎಂದು ಹೆಸರು.

ಇದರ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು, ಪ್ರಜ್ಞೆ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟಾಗಿದೆ ಎನ್ನುವುದು. ಕನ್ಕಷನ್ ಆದವರಲ್ಲಿ ಬಹುಪಾಲು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಎರಡನೆಯದು, ಸ್ಕ್ಯಾನ್ ಸರಿಯಾಗಿದ್ದರೆ ಏನೂ ಆಗಿಲ್ಲ ಎನ್ನುವುದು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಎಲುಬಿನ ಮುರಿತವನ್ನೂ ತೋರಿಸುತ್ತದೆ. ಕನ್ಕಷನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹೆಲ್ಮೆಟ್ಟು ಸಹ ತಲೆಬುರುಡೆಯನ್ನು ಕಾಪಾಡುತ್ತದೆಯೇ ಹೊರತು ಒಳಗಿನ ಕುಲುಕಾಟವನ್ನು ಪೂರ್ಣವಾಗಿ ತಡೆಯಲಾರದು.

ಹಾಗೆಂದು ಹೆಲ್ಮೆಟ್ ಬೇಡವೆಂದಲ್ಲ. 2008ರ ಡಿಸೆಂಬರಿನಲ್ಲಿ ಕೆನಡಾದ ಒಂಟಾರಿಯೋದ ಹಿರಿಯರ ಲೀಗ್ ಪಂದ್ಯವೊಂದರಲ್ಲಿ ಹೊಡೆದಾಟದ ನಡುವೆ 21 ವರ್ಷದ ಆಟಗಾರನೊಬ್ಬನ ಹೆಲ್ಮೆಟ್ ಕಳಚಿಬಿತ್ತು. ಬಿದ್ದಾಗ ತಲೆ ಮಂಜುಗಡ್ಡೆಗೆ ಬಡಿಯಿತು. 2009ರ ಜನವರಿಯಲ್ಲಿ ಆತ ತೀರಿಕೊಂಡ. ಗುದ್ದಿಗಿಂತ ಬೀಳುವಿಕೆಯೇ ಕೆಲವೊಮ್ಮೆ ಪ್ರಾಣಾಂತಿಕ.

ಹನಿ ಹನಿಗೂಡಿದರೆ ಹಳ್ಳ

ಒಂದು ಕನ್ಕಷನ್ ಆದವರು ಸಾಕಷ್ಟು ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತೊಂದರೆ ಇರುವುದು ಮೇಲಿಂದ ಮೇಲೆ ಬೀಳುವ ಪೆಟ್ಟುಗಳಲ್ಲಿ. ಲಕ್ಷಣವೇ ತೋರದಷ್ಟು ಚಿಕ್ಕ ಪೆಟ್ಟುಗಳೂ ವರ್ಷಗಟ್ಟಲೆ ಸೇರುತ್ತಾ ಹೋದರೆ ಮಿದುಳನ್ನು ಕೆಡಿಸಬಲ್ಲವು. ಅಮೆರಿಕದ ರೋಗವಿಜ್ಞಾನಿ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲಿಯೇ ಮುಷ್ಟಿಕಾಳಗದವರಲ್ಲಿ ಇದನ್ನು ವಿವರಿಸಿದ್ದರು. ತಡವರಿಸುವ ಮಾತು, ತೂರಾಡುವ ನಡಿಗೆ, ಮಂಕು ಬುದ್ಧಿ ಇವನ್ನು ಅವರು ಗುರುತಿಸಿದ್ದರು. ಇಂದು ವೈದ್ಯರು ಇಂಥ ಹಾನಿಯನ್ನು ಸಿ.ಟಿ.ಇ. ಎಂಬ ಹೆಸರಿನಿಂದ ಕರೆಯುತ್ತಾರೆ.

ಈ ರೋಗದಲ್ಲಿ ‘ಟೌ’ ಎಂಬ ಪ್ರೋಟೀನು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಕಲೆಗಟ್ಟುತ್ತದೆ. ಕ್ರಮೇಣ ಮಿದುಳು ಕುಗ್ಗುತ್ತದೆ. ಮುಂಗೋಪ, ದುಡುಕು, ಖಿನ್ನತೆ, ಮರೆವು, ಕೊನೆಗೆ ಬುದ್ಧಿಮಾಂದ್ಯ ಇದರೊಡನೆ ಕಾಣಿಸಿಕೊಂಡಿವೆ. ಇದನ್ನು ಖಚಿತವಾಗಿ ಗುರುತಿಸಲು ಇಂದಿಗೂ ಸಾಧ್ಯವಿರುವುದು ಸಾವಿನ ನಂತರ ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. ಐಸ್ ಹಾಕಿಯವರಲ್ಲಿ ಇದು ಮೊದಲು ಪತ್ತೆಯಾದದ್ದು 2009ರಲ್ಲಿ ತಮ್ಮ 73ನೆಯ ವಯಸ್ಸಿನಲ್ಲಿ ತೀರಿಕೊಂಡ ರೆಜ್ಜಿ ಫ್ಲೆಮಿಂಗ್ ಅವರ ಮಿದುಳಿನಲ್ಲಿ. ಅವರೂ ಗಟ್ಟಿಗನೆಂದೇ ಹೆಸರಾಗಿದ್ದವರು.

ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮರಣಾನಂತರ ದಾನವಾಗಿ ಬಂದ 77 ಪುರುಷ ಐಸ್ ಹಾಕಿ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಆಡಿದ ವರ್ಷ ಒಂದೊಂದು ಹೆಚ್ಚಿದಂತೆಯೂ ಈ ರೋಗವಿರುವ ಸಂಭವ ಸುಮಾರು ಶೇಕಡ 34ರಷ್ಟು ಏರುತ್ತಿತ್ತೆಂದು ಅದರಲ್ಲಿದೆ. ಆದರೆ ಹೀಗೆ ಮಿದುಳು ದಾನ ಮಾಡುವವರಲ್ಲಿ ಬದುಕಿದ್ದಾಗ ತೊಂದರೆ ಅನುಭವಿಸಿದವರೇ ಹೆಚ್ಚು ಎಂಬುದನ್ನು ಮರೆಯಬಾರದು. ಆಡಿದವರಿಗೆಲ್ಲ ಈ ರೋಗ ಬರುತ್ತದೆಂದು ಇದರ ಅರ್ಥವಲ್ಲ.

ನೋವಿನ ಮಾತ್ರೆಯ ದಾರಿ

ಈ ಕಥೆಯ ಇನ್ನೊಂದು ಮುಖ ನೋವು. ಮುರಿದ ಕೈ, ಊದಿದ ಭುಜ, ಬೆನ್ನು ನೋವು ಇವನ್ನಿಟ್ಟುಕೊಂಡು ಮರುದಿನವೂ ಆಡಬೇಕಾದವನು ಮಾತ್ರೆಯ ಮೊರೆ ಹೋಗುತ್ತಾನೆ. ಅಫೀಮಿನ ಜಾತಿಯ ಪ್ರಬಲ ನೋವು ನಿವಾರಕಗಳಿಗೆ ದೇಹ ಬೇಗನೆ ಒಗ್ಗಿಕೊಳ್ಳುತ್ತದೆ. ಮೊದಲು ಒಂದು ಮಾತ್ರೆಯಿಂದ ಶಮನವಾದ ನೋವಿಗೆ ಅನಂತರ ಎರಡು, ನಾಲ್ಕು ಬೇಕಾಗುತ್ತವೆ. ಬಿಟ್ಟರೆ ಮೈಕೈ ಸಂಕಟ, ನಿದ್ರಾಹೀನತೆ. ನಿದ್ರೆಗೆ ಇನ್ನೊಂದು ಮಾತ್ರೆ. ಇದರ ಮೇಲೆ ಮದ್ಯ ಸೇರಿದರೆ ಉಸಿರಾಟವನ್ನು ನಡೆಸುವ ಮಿದುಳಿನ ಕೇಂದ್ರವೇ ಮಂಕಾಗಿ, ನಿದ್ರೆಯಲ್ಲಿಯೇ ಉಸಿರು ನಿಲ್ಲಬಹುದು.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಡೆರೆಕ್ ಬೂಗಾರ್ಡ್ ಅವರ ಬದುಕು ಇದಕ್ಕೆ ಉದಾಹರಣೆ. ಆರೂವರೆ ಅಡಿಗೂ ಮೀರಿದ ಎತ್ತರದ ಈತ ಇ.ಸಿ.ಎಚ್.ಎಲ್.ನ ಲೂಯಿಸಿಯಾನಾ ಐಸ್‌ಗೇಟರ್ಸ್, ಅನಂತರ ಅಮೆರಿಕನ್ ಲೀಗ್‌ನ ಹ್ಯೂಸ್ಟನ್ ಏರೋಸ್ ತಂಡಗಳ ಮೂಲಕ ಮೆಟ್ಟಿಲು ಹತ್ತಿ 2005ರಲ್ಲಿ ಎನ್.ಎಚ್.ಎಲ್. ಸೇರಿದರು. ಅಲ್ಲಿ ಆಡಿದ 277 ಪಂದ್ಯಗಳಲ್ಲಿ ಅವರು ಹೊಡೆದ ಗೋಲು ಮೂರೇ. ಆದರೂ ಅವರಿಗೆ ಬೇಡಿಕೆಯಿತ್ತು, ಅಭಿಮಾನಿಗಳಿದ್ದರು. 2010ರ ಡಿಸೆಂಬರಿನ ಹೊಡೆದಾಟವೊಂದರಲ್ಲಿ ಕನ್ಕಷನ್ ಆದ ಮೇಲೆ ಅವರು ಮತ್ತೆ ಆಡಲಿಲ್ಲ. 2011ರ ಮೇ 13ರಂದು ಪ್ರಬಲ ನೋವಿನ ಮಾತ್ರೆ ಮತ್ತು ಮದ್ಯದ ಮಿಶ್ರಣದಿಂದ ಆಕಸ್ಮಿಕವಾಗಿ ಸಾವಿಗೀಡಾದರು. ವಯಸ್ಸು 28. ಕುಟುಂಬದವರು ಅವರ ಮಿದುಳನ್ನು ದಾನ ಮಾಡಿದರು. ಅದರಲ್ಲಿ ಸಿ.ಟಿ.ಇ. ಕಂಡುಬಂತು. ಕೊನೆಯ ದಿನಗಳ ಅವರ ವರ್ತನೆಯಲ್ಲಿ ಈ ರೋಗದ ಪಾಲೆಷ್ಟು, ಮಾತ್ರೆಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ತಜ್ಞರಿಗೂ ಆಗಲಿಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಇದೇ ಕೆಲಸ ಮಾಡಿದ್ದ ಇನ್ನಿಬ್ಬರು, 27 ವರ್ಷದ ರಿಕ್ ರಿಪಿಯನ್ ಮತ್ತು 35 ವರ್ಷದ ವೇಡ್ ಬೆಲಾಕ್, ತೀರಿಕೊಂಡರು. ರಿಪಿಯನ್ ಬಹುಕಾಲ ಖಿನ್ನತೆಯೊಂದಿಗೆ ಹೋರಾಡಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 1967ರಿಂದ 2022ರವರೆಗಿನ ಎನ್.ಎಚ್.ಎಲ್. ಆಟಗಾರರನ್ನು ಪರಿಶೀಲಿಸಿತು. ಹೊಡೆದಾಡುತ್ತಿದ್ದವರು ಮತ್ತು ಅವರ ಓರಗೆಯ ಇತರ ಆಟಗಾರರ ನಡುವೆ ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ತೀರಿಕೊಂಡವರ ಪೈಕಿ ಹೊಡೆದಾಟದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಆತ್ಮಹತ್ಯೆ, ಮಾದಕ ವಸ್ತುಗಳ ಅತಿಸೇವನೆಯಂಥ ಕಾರಣಗಳು ಅವರಲ್ಲಿ ಎದ್ದು ಕಂಡವು.

ಬದಲಾಗುತ್ತಿರುವ ನಿಯಮಗಳು

ಹಲವು ಐರೋಪ್ಯ ದೇಶಗಳಲ್ಲಿ, ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವರನ್ನು ಪಂದ್ಯದಿಂದಲೇ ಹೊರಗೆ ಕಳಿಸುತ್ತಾರೆ. ಅಲ್ಲೂ ಆಟ ಸೊಗಸಾಗಿಯೇ ನಡೆಯುತ್ತದೆ. ಉತ್ತರ ಅಮೆರಿಕದಲ್ಲೂ ಗಾಳಿ ನಿಧಾನವಾಗಿ ತಿರುಗುತ್ತಿದೆ. ಅಮೆರಿಕನ್ ಹಾಕಿ ಲೀಗ್ 2016ರಲ್ಲಿ, ಆಟ ಆರಂಭಿಸುವ ಕ್ಷಣದಲ್ಲೇ ಮೊದಲೇ ಗೊತ್ತುಮಾಡಿಕೊಂಡಂತೆ ಗುದ್ದಾಡುವವರನ್ನು ಪಂದ್ಯದಿಂದ ಹೊರಹಾಕುವ ನಿಯಮ ತಂದಿತು. ಒಂದೇ ಋತುವಿನಲ್ಲಿ ಹತ್ತು ಸಲ ಹೊಡೆದಾಡಿದವನಿಗೆ ಒಂದು ಪಂದ್ಯದ ನಿಷೇಧವನ್ನೂ ವಿಧಿಸಿತು. ಕ್ವಿಬೆಕ್ ಕಡೆಯ ಕಿರಿಯರ ಪ್ರಮುಖ ಲೀಗ್ 2023ರಿಂದ ಹೊಡೆದಾಡಿದವರನ್ನು ನೇರವಾಗಿ ಹೊರಹಾಕುತ್ತಿದೆ. ಬರೀ ಗುದ್ದಾಟಕ್ಕೆಂದೇ ಜಾಗ ಪಡೆಯುವವರು ಮೇಲಿನ ಲೀಗ್‌ನಲ್ಲಿ ಈಗ ವಿರಳ.

ಗಟ್ಟಿಗನಿಲ್ಲದಿದ್ದರೆ ಚುರುಕು ಆಟಗಾರರಿಗೆ ರಕ್ಷಣೆ ಯಾರದು ಎಂದು ಹಳಬರು ವಾದಿಸುತ್ತಾರೆ. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಆಟಗಾರರನ್ನು ಕಾಪಾಡುವುದು ರೆಫರಿಯ ಮತ್ತು ನಿಯಮದ ಕೆಲಸ. ಆ ಭಾರವನ್ನು ಇಪ್ಪತ್ತರ ಹರೆಯದ ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುವುದು ವೈದ್ಯಕೀಯವಾಗಿ ಸಮರ್ಥನೀಯವಲ್ಲ.

ಮನೆಯವರು ತಿಳಿದಿರಬೇಕಾದದ್ದು

ನಮ್ಮ ಮಕ್ಕಳು ಐಸ್ ಹಾಕಿ ಆಡದಿರಬಹುದು. ಆದರೆ ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್, ನಮ್ಮ ಹಾಕಿ, ಬಾಕ್ಸಿಂಗ್, ಕರಾಟೆ ಎಲ್ಲದರಲ್ಲೂ ತಲೆಗೆ ಪೆಟ್ಟು ಬೀಳುತ್ತದೆ. ‘ಗಂಡು ಹುಡುಗ, ಸಹಿಸಿಕೊಳ್ಳಬೇಕು’ ಎಂಬ ಮಾತು ನಮ್ಮಲ್ಲೂ ಇದೆ. ಕೆಳಗಿನ ವಿಷಯಗಳನ್ನು ನೆನಪಿನಲ್ಲಿಡಿ.

1. ತಲೆಗೆ ಪೆಟ್ಟಾದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಬೆಳಕು ಸದ್ದು ಸಹಿಸಲಾಗದಿರುವುದು, ಕೇಳಿದ್ದನ್ನೇ ಕೇಳುವುದು, ಸಿಡುಕು ಇವುಗಳಲ್ಲಿ ಒಂದು ಕಂಡರೂ ಕನ್ಕಷನ್ ಎಂದೇ ಭಾವಿಸಿ. ಆ ದಿನ ಮತ್ತೆ ಆಟಕ್ಕೆ ಬಿಡಬೇಡಿ. ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಎಳೆಯರಲ್ಲಿ ಮಿದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.

2. ಹೆಚ್ಚುತ್ತಲೇ ಹೋಗುವ ತಲೆನೋವು, ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು, ಕೈಕಾಲಿನ ದೌರ್ಬಲ್ಯ, ಮಾತು ತೊದಲುವುದು, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು, ತೀವ್ರ ಕತ್ತು ನೋವು, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

3. ಮೊದಲ ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ ಕೊಡಿ. ಟಿ.ವಿ., ಮೊಬೈಲ್ ಕಡಿಮೆ ಮಾಡಿಸಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಬೇಕಿಲ್ಲ. ಅನಂತರ ನಿಧಾನ ನಡಿಗೆ, ಪಾಠ, ಲಘು ವ್ಯಾಯಾಮ ಹೀಗೆ ಹಂತಹಂತವಾಗಿ ಮುಂದುವರಿಯಲಿ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ ಇರಲಿ. ಡಿಕ್ಕಿ ಹೊಡೆಯುವ ಆಟಕ್ಕೆ ಮರಳುವುದು ವೈದ್ಯರ ಒಪ್ಪಿಗೆಯ ನಂತರವೇ.

4. ತಲೆನೋವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ರಕ್ತಸ್ರಾವದ ಭಯವಿರುವ ಮೊದಲ ದಿನಗಳಲ್ಲಿ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಪ್ರಬಲ ನೋವಿನ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ, ಇಲ್ಲವೇ ಹಳೆಯ ಚೀಟಿಯನ್ನೇ ತೋರಿಸಿ ತರಬೇಡಿ. ಮದ್ಯದೊಂದಿಗೆ ಖಂಡಿತ ಕೂಡದು.

5. ಆಟವಾಡುವ ಯುವಕ ದಿನೇ ದಿನೇ ಮೌನಿಯಾದರೆ, ಸಿಡುಕನಾದರೆ, ನಿದ್ರೆ ಕಳೆದುಕೊಂಡರೆ, ಸಾಯುವ ಮಾತಾಡಿದರೆ ಅದನ್ನು ಸೋಮಾರಿತನವೆಂದೋ ಸೊಕ್ಕೆಂದೋ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.

ತಲೆಗೆ ಪೆಟ್ಟು ಬಿದ್ದಿದೆ ಎಂದು ಹುಡುಗನೊಬ್ಬ ತಾನಾಗಿ ಬಂದು ಹೇಳಿದರೆ ಅವನನ್ನು ಹೇಡಿ ಎನ್ನದಿರಿ. ತಂಡದಲ್ಲಿ ಜಾಗ ಹೋದೀತೆಂಬ ಭಯದಿಂದ ಬಾಯಿ ಮುಚ್ಚಿಕೊಂಡವರಿಗೆ ಏನಾಯಿತೆಂಬುದನ್ನು ಮೇಲೆ ನೋಡಿದ್ದೇವೆ. ಮುಂದಿನ ಪಂದ್ಯ ಇದ್ದೇ ಇರುತ್ತದೆ. ಹೇಳಿದ ಹುಡುಗನನ್ನು ಮೆಚ್ಚಿ, ಕೂರಿಸಿ, ವೈದ್ಯರಿಗೆ ತೋರಿಸಿ.